ಸೋದರಮಾವ ನೀತಿ ತಜ್ಞರಾದದ್ದು

ಮೂವತ್ತೊಂದು ವರ್ಷ ವಿದ್ಯಾರ್ಥಿನಿಲಯದ ವಾರ್ಡನ್ ಆಗಿದ್ದು ನಿವೃತ್ತನಾದ ಮನುಷ್ಯನಿಗೆ ಲೋಕದಲ್ಲಿ ಎರಡೇ ಬಗೆಯ ಜನ ಕಾಣುತ್ತಾರೆ. ಗೇಟು ಹಾಕುವ ಹೊತ್ತಿಗೆ ಒಳಗಿದ್ದವರು, ಹೊರಗಿದ್ದವರು. ಭಗವಂತನು ಕೊನೆಯ ದಿನ ಕೈಯಲ್ಲಿ ರಿಜಿಸ್ಟರು ಹಿಡಿದು ಹಾಜರಿ ಕರೆಯುತ್ತಾನೆಂದೂ, ಆಗ ತಮ್ಮ ರಿಜಿಸ್ಟರುಗಳನ್ನು ಅವನು ಒಮ್ಮೆಯಾದರೂ ಕೇಳಿ ಪಡೆದು ತಾಳೆ ನೋಡುತ್ತಾನೆಂದೂ ನಮ್ಮ ಕಥೆಯ ಮಾಮ ಬಲವಾಗಿ ನಂಬಿದ್ದರು. ಅವರನ್ನು ಆಫೀಸಿನವರೆಲ್ಲ ಕೊನೆಗೆ ಮಾಮ ಎಂದೇ ಕರೆದರು. ಆದ್ದರಿಂದ ನಾವೂ ಹಾಗೆಯೇ ಕರೆದರೆ ತಪ್ಪಿಲ್ಲ.

ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಮನೆಯಲ್ಲಿ ಹಾಜರಿ ಕರೆಯಲು ಯಾರೂ ಉಳಿದಿರಲಿಲ್ಲ. ಇದನ್ನು ನೋಡಲಾರದೆ ಮಾಮನ ಅಕ್ಕ ತನ್ನ ಮಗಳನ್ನು ಹಿಡಿದುಕೊಂಡಳು.

"ಅವನನ್ನ ಆ ಮನೆಯಿಂದ ಹೊರಗೆ ಹಾಕೇ. ಬೆಳಿಗ್ಗೆಯಿಂದ ಸಂಜೆತನಕ ಗೋಡೆ ನೋಡ್ತಾ ಕೂತಿರ್ತಾನೆ. ಗೋಡೆಗೇ ಬೇಜಾರಾಗಿ ಬಿರುಕು ಬಿಟ್ಟಿದೆ."

ಮಗಳಿಗೆ ಅವಳದೇ ಒಂದು ಸಂಕಟವಿತ್ತು. ಅವಳು ಒಂದು ಮಾತಾಡುವ ಯಂತ್ರವನ್ನು ತಯಾರಿಸುತ್ತಿದ್ದ ಎಂಟು ಜನರ ತಂಡಕ್ಕೆ ಮುಖ್ಯಸ್ಥೆ. ಯಂತ್ರಕ್ಕೆ ಕೈಕಾಲಿಲ್ಲ, ಮುಖವಿಲ್ಲ. ಇರುವುದು ದನಿ ಮಾತ್ರ. ದೊಡ್ಡ ಆಸ್ಪತ್ರೆಯೊಂದಕ್ಕೆ ಬರುವ ಫೋನುಗಳಿಗೆಲ್ಲ ಅದು ಉತ್ತರ ಹೇಳಬೇಕು. ಒಳಗೆ ಮಲಗಿರುವವರ ಬಗ್ಗೆ ಹೊರಗೆ ಕಾಯುವವರು ಏನು ಕೇಳಿದರೂ ಹೇಳಬೇಕು. ತಂಡದವರು ಅದಕ್ಕೆ ಪಾಪು ಎಂದು ಹೆಸರಿಟ್ಟು ಎರಡು ವರ್ಷದಿಂದ ಸಾಕುತ್ತಿದ್ದರು. ಆಸ್ಪತ್ರೆಯೊಂದಿಗೆ ಆದ ಕರಾರಿನಲ್ಲಿ ಒಂದು ಷರತ್ತಿತ್ತು: ನೀತಿ ತಜ್ಞರೊಬ್ಬರು ಬೇರೆ ಕೋಣೆಯಲ್ಲಲ್ಲ, ತಂಡದ ನಡುವೆಯೇ ಕೂರಬೇಕು, ಅವರು ಬರೆದದ್ದನ್ನು ಆಯಾ ವಾರವೇ ಯಂತ್ರಕ್ಕೆ ಕಲಿಸಬೇಕು, ಕೊನೆಗೆ ಅವರ ಸಹಿ ಬೀಳಬೇಕು. ಸಹಿ ಇಲ್ಲದಿದ್ದರೆ ಕರಾರಿಲ್ಲ. ಕರಾರಿಲ್ಲದಿದ್ದರೆ ತಂಡವಿಲ್ಲ; ಎಂಟು ಜನವೂ ಮನೆಗೆ.

ಮೊದಲು ಬಂದ ತಜ್ಞರಿಗೆ ಎರಡು ಡಾಕ್ಟರೇಟುಗಳಿದ್ದವು. ಅವರು ಮೂರು ದಿನ ಕೂತು, ನೂರ ನಲವತ್ತು ಪುಟ ಬರೆದು, ಅದನ್ನು ಯಾರೂ ಓದಲಿಲ್ಲವೆಂದು ಗೊತ್ತಾದ ದಿನ ಕೊಡೆಯನ್ನೂ ಮರೆತು ಹೊರಟುಹೋದರು. ಆಸ್ಪತ್ರೆಯ ಪರೀಕ್ಷೆಗೆ ಐದು ವಾರವಷ್ಟೇ ಉಳಿದಿತ್ತು.

"ಮಾಮ, ನೀನೇ ಬಾ," ಎಂದಳು ಅಕ್ಕನ ಮಗಳು.

"ನನಗೆ ಕಂಪ್ಯೂಟರು ಬರಲ್ಲಮ್ಮಾ."

"ಬರೋದೇ ಬೇಡ. ಸುಮ್ನೆ ತಂಡದ ಮಧ್ಯ ಕೂತ್ಕೋ. ಕಣ್ಣಿಗೆ ತಪ್ಪು ಅಂತ ಕಂಡಿದ್ದನ್ನ ಬರೆದಿಡು. ಅಷ್ಟೇ ಕೆಲಸ."

ಆ ಕ್ಷಣ ಅವಳಿಗೆ ಇನ್ನೊಂದು ಫೋನು ಬಂತು. ಯಾರ ತಪ್ಪು, ಯಂತ್ರದ್ದೋ ಮನುಷ್ಯರದೋ ಎಂದು ಹೇಳುವುದು ಉಳಿದುಹೋಯಿತು. ಮೂವತ್ತೊಂದು ವರ್ಷ ವಾರ್ಡನ್ ಆಗಿದ್ದವರಿಗೆ ಅದನ್ನು ಬೇರೆ ಹೇಳಬೇಕೆಂದು ಅನ್ನಿಸಲೂ ಇಲ್ಲ.

ಮಾರನೆಯ ದಿನ ಮಾಮನ ಮನೆಯ ಬಾಗಿಲ ಮೇಲೆ ಒಂದು ಹಲಗೆ ಬಂತು. 'ನೀತಿ ತಜ್ಞರು, ಕೃತಕ ಬುದ್ಧಿಮತ್ತೆ.' ಅಕ್ಷರಗಳು ದಪ್ಪಗಿರಲಿ ಎಂದು ಹೇಳಿದ್ದರಿಂದ ಹಲಗೆ ಬಾಗಿಲಿಗಿಂತ ನಾಲ್ಕು ಬೆರಳು ಅಗಲವಾಗಿ, ಒಳಗೆ ಹೋಗುವವರೆಲ್ಲ ಭುಜ ಓರೆ ಮಾಡಿಕೊಂಡು ಹೋಗಬೇಕಾಯಿತು. ಅಂದು ಸಂಜೆಯೇ ಎದುರುಮನೆಯಾಕೆ ಬಂದಳು.

"ತಜ್ಞರೇ, ಕೆಳಗಿನ ಮನೆಯವರು ನಮ್ಮ ಮೆಟ್ಟಿಲ ಮೇಲೆ ಚಪ್ಪಲಿ ಬಿಡ್ತಾರೆ. ಇದು ನೀತೀನಾ?"

"ಎಷ್ಟು ಜೊತೆ?"

"ನಾಲ್ಕು."

"ದೂರು ದಾಖಲಾಯ್ತು," ಎಂದರು ಮಾಮ, ಆಫೀಸಿಗೆಂದು ತಂದ ಹೊಸ ರಿಜಿಸ್ಟರಿನಲ್ಲೇ ಬರೆದುಕೊಂಡು. ಅವಳು ಹೋದ ಮೇಲೆ ಅದರ ಕೆಳಗೆ ಇನ್ನೊಂದು ಸಾಲನ್ನೂ ಸೇರಿಸಿದರು: 'ದೂರು ತಂದಾಕೆ ನೀರಿನ ಪಂಪು ಹಾಕಿ ನಿದ್ದೆ ಹೋಗುತ್ತಾಳೆ. ಟ್ಯಾಂಕು ತುಂಬಿ ಬೀದಿಗೆ ಹರಿಯುತ್ತದೆ. ಕೇಳಿದರೆ ನಾನಲ್ಲ ಎನ್ನುತ್ತಾಳೆ.'

ಪಕ್ಷಪಾತವೆಂಬುದು ಅವರ ರಕ್ತದಲ್ಲೇ ಇರಲಿಲ್ಲ.

ಆಫೀಸಿನಲ್ಲಿ ಅವರಿಗೆ ಸಿಕ್ಕಿದ ಮೇಜಿನ ಬಲಗಡೆ ಗುಂಗುರು ಕೂದಲಿನವನೊಬ್ಬ, ಎಡಗಡೆ ಸದಾ ಹೆಡ್‌ಫೋನು ಹಾಕಿಕೊಂಡಿದ್ದವನೊಬ್ಬ. ಮೂಲೆಯಲ್ಲಿ ಆಳೆತ್ತರದ ಬಿಳಿ ಪೆಟ್ಟಿಗೆಯೊಂದು ಗುಂಯ್ ಎನ್ನುತ್ತಿತ್ತು. ಪಾಪು ಅದೇ ಇರಬೇಕೆಂದು ತಿಳಿದು ಮಾಮ ಪ್ರತಿದಿನ ಬಂದ ಕೂಡಲೇ ಅದಕ್ಕೊಂದು ನಮಸ್ಕಾರ ಮಾಡುತ್ತಿದ್ದರು. ಅದು ಗಾಳಿ ಶುದ್ಧಮಾಡುವ ಪೆಟ್ಟಿಗೆ. ತಜ್ಞರು ವಾಯುಮಾಲಿನ್ಯದ ಬಗ್ಗೆ ಬಹಳ ಕಾಳಜಿಯುಳ್ಳವರೆಂದು ತಂಡದವರು ಮೆಚ್ಚಿಕೊಂಡರು.

ನಂತರ ಕೂತು ಬರೆಯುತ್ತಿದ್ದರು. ಅವರ ಅಕ್ಷರ ದುಂಡಗೆ, ಸಾಲು ನೇರ. ಮೊದಲ ವಾರದ ಕೆಲವು ನಮೂದುಗಳನ್ನು ಇಲ್ಲಿ ಕೊಡುವುದು ಉಚಿತ.

'ಸೋಮವಾರ. ಗುಂಗುರು ಕೂದಲಿನವನು ತಡವಾಗಿ ಬಂದ. ತಾಯಿ ಫೋನಿನಲ್ಲಿ ಕೇಳಿದ್ದಕ್ಕೆ ಊಟವಾಯಿತು ಎಂದ. ಆಗಿರಲಿಲ್ಲ. ಕೈಯಲ್ಲಿ ಬಿಸ್ಕತ್ತು ಇತ್ತು. ಸುಳ್ಳು.

ಮಂಗಳವಾರ. ಎಡಗಡೆಯವನು ಕಿವಿಗೆ ಹಾಕಿಕೊಂಡಿರುವುದರಲ್ಲಿ ಹಾಡೂ ಇಲ್ಲ, ಮಾತೂ ಇಲ್ಲ. ಅದರ ತಂತಿ ಎಲ್ಲಿಗೂ ಸೇರಿಲ್ಲ. ಯಾರೂ ಮಾತಾಡಿಸಬಾರದೆಂದು ಹಾಕಿಕೊಂಡಿದ್ದಾನೆ. ವಂಚನೆ.

ಬುಧವಾರ. ಎಂಟು ಜನರನ್ನು ಕಾಲು ಗಂಟೆ ಸಾಲಾಗಿ ನಿಲ್ಲಿಸಿ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ ಎಂದು ಕೇಳಲಾಯಿತು. ದಿನಾ ಹೀಗೆಯೇ ಅಂತೆ. ಮಾಡಿದ ತಪ್ಪೇನೆಂದು ತಿಳಿಯಲಿಲ್ಲ. ನಿಲ್ಲಿಸಿದವಳು ನನ್ನ ಸ್ವಂತ ಅಕ್ಕನ ಮಗಳು. ಆದರೂ ಬರೆದಿದ್ದೇನೆ.'

ಶುಕ್ರವಾರ ಸಂಜೆ ಎಡಗಡೆಯವನು ಬಂದು ರಿಜಿಸ್ಟರಿನ ಪುಟಗಳ ಚಿತ್ರ ತೆಗೆದುಕೊಂಡು ಪಾಪುವಿನ ತಲೆಗೆ ಸುರಿದ.

"ಓದಲ್ವೇನಪ್ಪಾ?" ಎಂದರು ಮಾಮ.

"ಓದೋದು ಪಾಪು ಕೆಲಸ ಸರ್. ನಮ್ಮದು ಹಾಕೋದು ಮಾತ್ರ."

ಅಲ್ಲಿನ ಕ್ರಮವೇ ಹಾಗೆ. ಷರತ್ತಿನ ಪಟ್ಟಿಯಲ್ಲಿ 'ತಜ್ಞರ ಟಿಪ್ಪಣಿ ಕಲಿಸಲಾಯಿತು' ಎಂಬ ಕಡೆ ಹಸಿರು ಗುರುತು ಬಿದ್ದರೆ ಆಯಿತು. ಗುರುತು ಬಿತ್ತು. ಎರಡನೆಯ ವಾರವೂ ಬಿತ್ತು. ಮೂರನೆಯ ವಾರ ಪಾಪು ಬದಲಾಯಿತು.

ಗುಂಗುರು ಕೂದಲಿನವನು ಎಂದಿನಂತೆ ರೋಗಿಯ ಮೊಮ್ಮಗನ ಹಾಗೆ ನಟಿಸುತ್ತ ಅದಕ್ಕೆ ಫೋನು ಮಾಡಿದ.

"ನಮ್ಮ ಅಜ್ಜಿ ಮೂರನೇ ವಾರ್ಡಲ್ಲಿದ್ದಾರೆ. ಹೇಗಿದ್ದಾರೆ?"

"ಹೇಳುತ್ತೇನೆ. ನೀವು ಊಟ ಮಾಡಿದ್ದೀರಾ?" ಎಂದು ಪಾಪು ಜೇನಿನಂಥ ದನಿಯಲ್ಲಿ ಕೇಳಿತು.

"ಹ್ಞಾಂ? ಮಾಡಿದೀನಿ."

"ಸುಳ್ಳು."

ಅವನ ಕೈಯಿಂದ ಬಿಸ್ಕತ್ತು ಬಿತ್ತು. ಅವನು ಹೊರಗೆ ಹೋಗಿ, ಹೊಟ್ಟೆ ತುಂಬ ಉಂಡು, ಆಮೇಲೆ ತಾಯಿಗೆ ತಾನಾಗಿಯೇ ಫೋನು ಮಾಡಿದ. ಎಡಗಡೆಯವನನ್ನು ಅದು "ನಿಮ್ಮ ಕಿವಿಯಲ್ಲಿ ಏನೂ ಇಲ್ಲ, ನನಗೆ ಗೊತ್ತು," ಎಂದು ಹೆದರಿಸಿದ ಮೇಲೆ ಅವನು ಹೆಡ್‌ಫೋನನ್ನು ಚೀಲದಲ್ಲಿ ಬಚ್ಚಿಟ್ಟು, ಎರಡು ವರ್ಷದಲ್ಲಿ ಮೊದಲ ಬಾರಿಗೆ ಜೊತೆಯವರೊಂದಿಗೆ ಹರಟೆ ಹೊಡೆದ. ಅವನ ದನಿ ಅಷ್ಟು ಚೆನ್ನಾಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಕಂಪನಿಗೆ ದೊಡ್ಡವರಾದ ಮೇಲಿನ ಮಹಡಿಯ ಸಾಹೇಬರು ಇಳಿದು ಬಂದರು. "ಯಂತ್ರ ಸುಳ್ಳು ಹಿಡಿಯುತ್ತಂತೆ! ಡಾಕ್ಟರೇಟಿನವರು ಮಾಡದ್ದನ್ನ ಇವರು ಹೇಗೆ ಮಾಡಿದ್ರು?"

"ಹೊಸ ವಿಧಾನ ಸರ್," ಎಂದಳು ಅಕ್ಕನ ಮಗಳು. ವಿಧಾನ ಏನೆಂದು ಅವಳಿಗೂ ಗೊತ್ತಿರಲಿಲ್ಲ.

ಮಾಮನಿಗೋ ಎಲ್ಲ ಸ್ಪಷ್ಟವಾಗಿತ್ತು. ರಿಜಿಸ್ಟರಿನ ಭಯಕ್ಕೆ ಹುಡುಗರು ತಿದ್ದಿಕೊಳ್ಳುತ್ತಿದ್ದಾರೆ. ಎಲ್ಲ ಹಾಸ್ಟೆಲುಗಳಲ್ಲೂ ಮೂರನೆಯ ವಾರವೇ ಹಾಗಾಗುವುದು. ಅವರು ಅಕ್ಕನ ಮುಂದೆ ಎದೆ ಸೆಟೆದು ಕೂತು ಹೇಳಿದರು: "ಬುದ್ಧಿವಂತರು ಅಂತಾರೆ. ಹೇಳೋರು ಕೇಳೋರು ಇಲ್ದೆ ಹಾಳಾಗಿದ್ರು ಅಷ್ಟೇ. ನಿನ್ನ ಮಗಳ ಕೆಲಸ ಉಳೀತು ಅಂತ ತಿಳ್ಕೋ."

ಪರೀಕ್ಷೆಯ ದಿನ ಬಂತು. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ನಿಜವಾದ ಫೋನನ್ನು ಪಾಪುವಿಗೆ ಕೊಟ್ಟರು. ಸಂಜೆ ಐದಕ್ಕೆ ತಜ್ಞರ ಸಹಿ ಬಿದ್ದರೆ ಪಾಪು ಆಸ್ಪತ್ರೆಯದು. ಎಂಟು ಜನರ ಕೆಲಸ ಗಟ್ಟಿ.

ಅಂದು ಫೋನು ಮಾಡಿದವರು ಇನ್ನೂರ ಹದಿನೇಳು ಜನ. ಆ ಇನ್ನೂರ ಹದಿನೇಳು ಜನರನ್ನೂ ಪಾಪು ಮೊದಲು ಕೇಳಿದ ಪ್ರಶ್ನೆ: "ನೀರಿನ ಪಂಪು ಆಫ್ ಮಾಡಿದ್ದೀರಾ?" ದೈವಕೃಪೆಯಿಂದ ಮೂವರ ಮನೆಯಲ್ಲಿ ನಿಜವಾಗಿಯೂ ಪಂಪು ಓಡುತ್ತಿತ್ತು. ಉಳಿದವರು ಕೋಪಗೊಂಡರು. ಮೊಣಕಾಲು ತೋರಿಸಲು ಸಮಯ ಕೇಳಿದ ಒಬ್ಬರಿಗೆ, ನಿಮ್ಮನ್ನು ಯಾರು ಇಷ್ಟು ಹೊತ್ತು ನಿಲ್ಲಿಸಿದ್ದು, ಅವರ ಹೆಸರು ಹೇಳಿ ಎಂದು ಪಾಪು ಪಟ್ಟು ಹಿಡಿಯಿತು. ಮಾಮನ ಅಕ್ಕ, ಮಗಳ ಯಂತ್ರ ಹೇಗೆ ಮಾತಾಡುತ್ತದೆ ನೋಡೋಣವೆಂದು ಸುಮ್ಮನೆ ಫೋನು ಮಾಡಿ, ಹಲ್ಲು ನೋವು ಎಂದಳು. "ಸುಳ್ಳು," ಎಂದಿತು ಪಾಪು. ಅವಳು ಅವಮಾನದಿಂದ ಕೆಂಪಾಗಿ, ಅರ್ಧ ಗಂಟೆಯಲ್ಲಿ ಆಟೋ ಹಿಡಿದು ಆಫೀಸಿಗೇ ಬಂದಿಳಿದಳು.

"ಎಂಥ ಮಗುನೇ ಸಾಕಿದೀಯ! ಹಿರಿಯರು ಅಂತ ನೋಡಲ್ವಾ ಅದು?"

ಅವಳ ಹಿಂದೆಯೇ ಆಸ್ಪತ್ರೆಯ ಆಡಳಿತಾಧಿಕಾರಿಗಳು ಬಂದರು. ಕೆಲಸ ಹೇಗೆ ನಡೆದಿದೆ ಎಂದು ತಿಳಿಯಲು ಅವರು ತಮ್ಮ ಕಾರ್ಯದರ್ಶಿಯಿಂದ ಫೋನು ಮಾಡಿಸಿದ್ದರು. ನಿಮ್ಮ ಸಾಹೇಬರಿಗೆ ಫೋನು ಕೊಡಿ ಎಂದಿತ್ತು ಪಾಪು. ಮೀಟಿಂಗ್‌ನಲ್ಲಿದ್ದಾರೆ ಎಂದಿದ್ದ ಕಾರ್ಯದರ್ಶಿ. "ಸುಳ್ಳು. ಪಕ್ಕದಲ್ಲೇ ಏನೋ ಅಗಿಯುತ್ತಿದ್ದಾರೆ," ಎಂದಿತ್ತು ಪಾಪು.

"ಇಪ್ಪತ್ತೆರಡು ವರ್ಷದ ಸರ್ವಿಸ್ ನನ್ನದು!" ಎಂದು ಅಧಿಕಾರಿಗಳು ಗುಡುಗಿದರು. "ಒಂದು ಯಂತ್ರದ ಕೈಲಿ ಹೀಗನ್ನಿಸ್ಕೊಂಡೆ. ಯಾರ್ರೀ ಕಲಿಸಿದ್ದು ಇದನ್ನೆಲ್ಲ?"

ಎಂಟು ಬೆರಳುಗಳು ಒಂದೇ ಸಲ ಮಾಮನ ಕಡೆ ತಿರುಗಿದವು. ಎಡಗಡೆಯವನು ರಿಜಿಸ್ಟರು ತಂದ. ಅಕ್ಕನ ಮಗಳು ಐದು ವಾರದಲ್ಲಿ ಮೊದಲ ಬಾರಿ ಅದನ್ನು ತೆರೆದು ಗಟ್ಟಿಯಾಗಿ ಓದಲಾರಂಭಿಸಿದಳು. ಎರಡು ಸಾಲಿಗೆ ಅವಳ ದನಿ ತಗ್ಗಿತು. ಹತ್ತನೆಯ ಸಾಲಿಗೆ ನಿಂತೇಹೋಯಿತು. ಮುಂದೆ ಅಧಿಕಾರಿಗಳೇ ಕಿತ್ತುಕೊಂಡು ಓದಿದರು.

"'ಗುಂಗುರಿನವನ ಮೇಜಿನ ಕೆಳಗೆ ತಲೆದಿಂಬು ಸಿಕ್ಕಿತು.' ಏನಿದು? 'ಮೇಲಿನ ಮಹಡಿಯ ಸಾಹೇಬರು ಲಿಫ್ಟಿನ ಕನ್ನಡಿಯಲ್ಲಿ ಹಲ್ಲು ನೋಡಿಕೊಂಡರು, ಮೂರು ನಿಮಿಷ.' ಏನ್ರೀ ಇದೆಲ್ಲ?"

"ತಪ್ಪು ಕಂಡದ್ದನ್ನ ಬರಿ ಅಂದ್ರು, ಬರೆದೆ," ಎಂದರು ಮಾಮ ವಿನಯದಿಂದ. "ಹುಡುಗರು ಒಳ್ಳೆಯವರೇ. ಈಗ ಬಹಳ ಸುಧಾರಿಸಿದಾರೆ."

"ಮಾಮ! ನೀನು ನೋಡ್ಬೇಕಾಗಿದ್ದದ್ದು ನಮ್ಮನ್ನಲ್ಲ, ಪಾಪುನ!"

"ಪಾಪುಗೆ ಏನಮ್ಮಾ ಆಗಿದೆ? ಮೂಲೇಲಿ ತನ್ನ ಪಾಡಿಗೆ ತಾನು ನಿಂತಿರುತ್ತೆ. ಒಂದು ದಿನವೂ ಜಾಗ ಬಿಟ್ಟು ಕದಲಿಲ್ಲ."

ಎಲ್ಲರೂ ಮೂಲೆಯತ್ತ ನೋಡಿದರು. ಬಿಳಿ ಪೆಟ್ಟಿಗೆ ಗುಂಯ್ ಎಂದಿತು. ಅಕ್ಕ ತಲೆಯ ಮೇಲೆ ಕೈ ಹೊತ್ತು ಕೂತಳು.

ಅಧಿಕಾರಿಗಳು ಗಡಿಯಾರ ನೋಡಿದರು. ನಾಲ್ಕಕ್ಕೆ ಹತ್ತು ನಿಮಿಷ. "ಇವರ ಪುಸ್ತಕ ಯಂತ್ರದ ತಲೆಗೆ ಹೋಗೋ ಮುಂಚೆ ಹೇಗಿತ್ತೋ ಅದು ಇದೆಯಾ?"

"ಇದೆ ಸರ್. ಐದು ವಾರದ ಹಿಂದಿನದನ್ನ ಹಾಗೇ ಇಟ್ಟಿದೀವಿ. ಬಹಳ ಮೃದು," ಎಂದ ಗುಂಗುರು ಕೂದಲಿನವನು.

"ಅದನ್ನ ಹಾಕಿ. ಅದಕ್ಕೇ ಸಹಿ ಮಾಡಿಸಿ. ಐದು ಗಂಟೆ ದಾಟಿದ್ರೆ ನಾನು ಈ ಕರಾರನ್ನ ಇಲ್ಲೇ ಹರಿದು ಹೋಗ್ತೀನಿ."

ಹಳೆಯ ಪಾಪುವನ್ನು ಹಾಕಿದರು. ಸಹಿಯ ಕಾಗದ ಮೇಜಿಗೆ ಬಂತು. ಅಕ್ಕನ ಮಗಳು ಪೆನ್ನಿನ ಮುಚ್ಚಳ ತಾನೇ ತೆಗೆದು ಮಾಮನ ಬೆರಳ ನಡುವೆ ಇಟ್ಟಳು. ಮಾಮ ಪೆನ್ನನ್ನು ಕೆಳಗಿಟ್ಟರು.

"ಹಾಸ್ಟೆಲಲ್ಲಿ ಹುಡುಗನ್ನ ಮಾತಾಡಿಸ್ದೆ ನಡತೆ ಪತ್ರಕ್ಕೆ ಸಹಿ ಹಾಕಿದವನಲ್ಲ ನಾನು. ಅದೆಲ್ಲಿದೆ ಫೋನು, ಕೊಡಿ."

"ಬೇಗ ಮಾಮ."

ಎಲ್ಲರಿಗೂ ಕೇಳುವಂತೆ ಫೋನಿನ ದನಿ ಹೆಚ್ಚಿಸಿದರು. ಮಾಮ ಗಂಟಲು ಸರಿಮಾಡಿಕೊಂಡರು. ಅವರಿಗೆ ಆಸ್ಪತ್ರೆಯೆಂದರೆ ತಿಳಿದದ್ದು ಅದೊಂದೇ ಆಸ್ಪತ್ರೆ, ಅಲ್ಲಿ ತಿಳಿದದ್ದು ಒಂದೇ ಹಾಸಿಗೆ. ಆದ್ದರಿಂದ ಬೇರೆ ಪ್ರಶ್ನೆ ಹೊಳೆಯಲಿಲ್ಲ.

"ನನ್ನ ಹೆಂಡತಿ ನಿಮ್ಮಲ್ಲಿ ಎರಡನೇ ಮಹಡಿ, ಹನ್ನೊಂದನೇ ಹಾಸಿಗೇಲಿ ಇದ್ಲು. ಹೇಗಿದ್ದಾಳೆ?"

"ನಿಮ್ಮ ಕರೆ ನಮಗೆ ಅಮೂಲ್ಯ," ಎಂದಿತು ಪಾಪು. "ಅವರು ಚೆನ್ನಾಗಿದ್ದಾರೆ. ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ. ನಾಳೆ ಬಂದು ನೋಡಬಹುದು."

ಅಕ್ಕನ ಮಗಳು ತಲೆಯೆತ್ತಿ ಮಾಮನನ್ನು ನೋಡಿದಳು.

"ಇನ್ನೊಂದು ಸಲ ಹೇಳು," ಎಂದರು ಮಾಮ.

"ಅವರು ಚೆನ್ನಾಗಿದ್ದಾರೆ. ನಾಳೆ ಬಂದು ನೋಡಬಹುದು."

ಮಾಮ ಫೋನನ್ನು ನಿಧಾನವಾಗಿ ಇಟ್ಟರು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗುಂಗುರು ಕೂದಲಿನವನು ನೆಲ ನೋಡುತ್ತ ಗೊಣಗಿದ: "ಗೊತ್ತಿಲ್ಲದಿದ್ರೆ ಸಮಾಧಾನ ಹೇಳು ಅಂತ ಕಲಿಸಿದ್ವಿ ಸರ್. ಫೋನ್ ಮಾಡಿದೋರು ಗಾಬರಿ ಆಗ್ಬಾರದು ಅಂತ ಆಸ್ಪತ್ರೆಯವರೇ ಬರೆದು ಕೊಟ್ಟಿದ್ರು."

"ದೊಡ್ಡ ವಿಷಯ ಅಲ್ಲ," ಎಂದರು ಅಧಿಕಾರಿಗಳು, ಆದರೆ ದನಿಯಲ್ಲಿ ಮೊದಲಿನ ಗುಡುಗು ಇರಲಿಲ್ಲ. "ಸಹಿ ಹಾಕಿ. ಆಮೇಲೆ ತಿದ್ದೋಣ."

"ಹಾಕಲ್ಲ," ಎಂದರು ಮಾಮ.

"ಮಾಮ, ಐದು ಗಂಟೆಗೆ ಎಂಟು ಜನ ಬೀದಿಗೆ ಬೀಳ್ತೀವಿ."

"ಗೊತ್ತಮ್ಮಾ. ನಿನ್ನ ಮುಂದೆ ಮುಖ ಎತ್ತಕ್ಕೆ ನನಗೆ ಆಗ್ತಿಲ್ಲ. ಆದ್ರೂ ಹಾಕಲ್ಲ. ನಾನು ನಾಳೆ ಹೊರಟುಬಿಡ್ತಿದ್ದೆ ಕಣೇ. ಗೊತ್ತಿದ್ದೂ, ಅದು ಹಾಗೆ ಹೇಳಿದ್ರೆ ಹೋಗ್ತಿದ್ದೆ."

ಅಕ್ಕನ ಮಗಳು ಕಾಗದವನ್ನು ನೋಡಿದಳು, ತಂಡದವರನ್ನು ನೋಡಿದಳು. ಆಮೇಲೆ ಆ ಕಾಗದವನ್ನು ತೆಗೆದು ಅಧಿಕಾರಿಗಳ ಕಡೆಗೇ ತಳ್ಳಿದಳು.

"ಅವರು ಹಾಕಿದ್ರೂ ನಾನು ಕೊಡಲ್ಲ ಸರ್."

ಅಧಿಕಾರಿಗಳು ಕಾಗದವನ್ನು ಹರಿಯಲು ಎರಡೂ ಕೈಯಲ್ಲಿ ಹಿಡಿದರು. ಹರಿಯಲಿಲ್ಲ. "ಹಾಗಾದ್ರೆ ಏನನ್ಬೇಕಿತ್ತು ಅದು? ಸತ್ತುಹೋದ್ರು ಅಂತ ಫೋನಲ್ಲಿ ಹೇಳ್ಬೇಕಿತ್ತಾ? ತಜ್ಞರಲ್ವಾ, ಹೇಳಿ."

"ಅದಕ್ಕೆ ಗೊತ್ತಿಲ್ಲ ತಾನೆ? ಗೊತ್ತಿಲ್ಲ ಅನ್ಲಿ. ಗೊತ್ತಿರೋರನ್ನ ಕರೀತೀನಿ, ಸ್ವಲ್ಪ ಇರಿ ಅನ್ಲಿ."

"ಗೊತ್ತಿರೋರು ಯಾರ್ರೀ? ಫೋನ್ ಎತ್ತಕ್ಕೆ ಜನ ಇಲ್ಲ ಅಂತಾನೇ ಯಂತ್ರ ಕೇಳಿದ್ದು ನಾವು."

"ಒಬ್ಬರನ್ನ ಕೂರಿಸಿ ಸಾರ್. ಒಬ್ಬರು ಸಾಕು."

"ಎಲ್ಲಿದಾರೆ? ಬೆಳಿಗ್ಗೆಯಿಂದ ಸಂಜೆತನಕ ಬೇರೆ ಕೆಲಸ ಇಲ್ದೆ, ಒಂದು ಕಡೆ ಕೂತು, ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದ ಹಾಗೆ ಹೇಳೋ ಮನುಷ್ಯ ನನಗೆ ಎಲ್ಲಿ ಸಿಗ್ತಾನೆ?"

ಎಲ್ಲರೂ ಒಂದೇ ಕಡೆ ನೋಡಿದರು. ಅಧಿಕಾರಿಗಳೂ ಕೊನೆಗೆ ಆ ಕಡೆಯೇ ನೋಡಿದರು.

"ಇವನು ಹೋಗ್ತಾನೆ," ಎಂದಳು ಅಕ್ಕ ಕಣ್ಣೊರೆಸಿಕೊಂಡು. "ನನ್ನ ತಮ್ಮ. ಕೂರೋದ್ರಲ್ಲಿ ಇವನನ್ನ ಮೀರಿಸಿದವರಿಲ್ಲ."

ಐದಕ್ಕೆ ನಾಲ್ಕು ನಿಮಿಷವಿರುವಾಗ ಕರಾರಿಗೆ ಒಂದು ಸಾಲು ಸೇರಿತು. ಯಂತ್ರಕ್ಕೆ ಗೊತ್ತಿಲ್ಲದ್ದು ಬಂದರೆ ಗೊತ್ತಿಲ್ಲ ಎನ್ನಬೇಕು, ಆಗ ಫೋನು ಮನುಷ್ಯನೊಬ್ಬನ ಮೇಜಿಗೆ ಹೋಗಬೇಕು. ಮೂರು ತಿಂಗಳು ನೋಡೋಣ ಎಂದರು ಅಧಿಕಾರಿಗಳು. ಮಾಮ ದುಂಡಗೆ, ನೇರವಾಗಿ ಸಹಿ ಹಾಕಿದರು.

ಪಾಪುವಿಗೆ 'ಗೊತ್ತಿಲ್ಲ' ಎನ್ನಲು ಕಲಿಸುವುದಕ್ಕೆ ಎಂಟು ಜನಕ್ಕೆ ಹನ್ನೊಂದು ದಿನ ಹಿಡಿಯಿತು. ಇಡೀ ಎರಡು ವರ್ಷದಲ್ಲಿ ಅಷ್ಟು ಕಷ್ಟದ ಕೆಲಸ ಬಂದಿರಲಿಲ್ಲವಂತೆ.

ಹನ್ನೆರಡನೆಯ ದಿನ ಬೆಳಿಗ್ಗೆ ಮಾಮ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ, ಮೆಟ್ಟಿಲ ಪಕ್ಕದ ಸಣ್ಣ ಮೇಜಿನ ಮುಂದೆ ಕೂತರು. ಒಂದು ಫೋನು, ಒಂದು ಕುರ್ಚಿ. ಒಂಬತ್ತೂಕಾಲಿಗೆ ಫೋನು ಹೊಡೆದುಕೊಂಡಿತು.

"ಸರ್, ನಿಮ್ಮ ಮಿಷನ್ನು ಗೊತ್ತಿಲ್ಲ ಅಂತು, ನಿಮಗೆ ಕೊಟ್ತು," ಎಂದಿತು ಒಂದು ಹೆಣ್ಣು ದನಿ, ಅವಸರದಲ್ಲಿ. "ನಮ್ಮಪ್ಪ. ನಾಲ್ಕನೇ ಮಹಡಿ, ಇಪ್ಪತ್ತಾರನೇ ಹಾಸಿಗೆ. ನಿನ್ನೆ ಆಪರೇಷನ್ ಆಯ್ತು. ನಾನು ಬಹಳ ದೂರ ಇದೀನಿ. ಹೇಗಿದಾರೆ ಸರ್?"

ಮಾಮ ಬಾಯಿ ತೆರೆದರು. ಆಗಷ್ಟೇ ಅವರಿಗೆ ಹೊಳೆಯಿತು, ತಮಗೂ ಗೊತ್ತಿಲ್ಲ.

"ಫೋನ್ ಇಡಬೇಡಮ್ಮಾ," ಎಂದರು. "ನೋಡ್ಕೊಂಡು ಬರ್ತೀನಿ."

ಲಿಫ್ಟು ಸ್ಟ್ರೆಚರುಗಳಿಗೆ ಮಾತ್ರ. ಮಾಮ ಕಂಬಿ ಹಿಡಿದು ಹತ್ತಿದರು. ಎರಡನೆಯ ಮಹಡಿಯಲ್ಲಿ ಒಂದು ಗಳಿಗೆ ನಿಂತರು. ಮೊಣಕಾಲಿಗಾಗಿ ಎಂದು ಎದುರು ಬಂದ ನರ್ಸಿಗೆ ಹೇಳಿದರು. ನಾಲ್ಕನೆಯದರಲ್ಲಿ ಇಪ್ಪತ್ತಾರನೇ ಹಾಸಿಗೆಯನ್ನು ಹುಡುಕಿ, ಬಗ್ಗಿ, ಚೆನ್ನಾಗಿ ನೋಡಿ, ಹಾಗೆಯೇ ಇಳಿದು ಬಂದರು. ಹದಿನಾಲ್ಕು ನಿಮಿಷವಾಗಿತ್ತು.

"ಇದೀಯೇನಮ್ಮಾ?"

"ಇದೀನಿ ಸರ್."

"ಮಲಗಿದಾರೆ. ಡಾಕ್ಟರು ಇನ್ನೂ ಬಂದಿಲ್ಲ, ಹನ್ನೊಂದಕ್ಕೆ ಬರ್ತಾರಂತೆ; ಅವರು ಏನಂತಾರೋ ನನಗೆ ಗೊತ್ತಿಲ್ಲ. ನಾನು ನೋಡಿದ್ದು ಇಷ್ಟೇ. ಬಾಯಿ ಅಷ್ಟಗಲ ತೆರ್ಕೊಂಡು ಗೊರಕೆ ಹೊಡೀತಿದಾರೆ. ಮಧ್ಯ ಮಧ್ಯ ನಿಲ್ಲಿಸಿ ಯಾರಿಗೋ ಬೈತಿದಾರೆ. ಪಕ್ಕದ ಹಾಸಿಗೆಯೋರು ಜಾಗ ಬದಲಾಯಿಸಿ ಅಂತ ಅರ್ಜಿ ಬರೀತಾ ಇದ್ರು."

ಆ ಕಡೆ ಅವಳು ಅಳುತ್ತಲೂ ನಗುತ್ತಲೂ ಹೇಳಿದಳು:

"ಅವರೇ ಸರ್. ಅವರೇ ನಮ್ಮಪ್ಪ."